ಏಳು ದಿನಕ್ಕೆ ಬರೆದ ಮಾತ್ರೆ

ನನ್ನ ಹೊಟ್ಟೆಯ ವಿಷಯದಲ್ಲಿ ನಾನು ಪುಕ್ಕಲು. ಬೇರೆಯವರ ಹೊಟ್ಟೆಯ ವಿಷಯದಲ್ಲಿ ಮಾತ್ರ ನನ್ನಷ್ಟು ಧೈರ್ಯವಂತೆ ಇನ್ನೊಬ್ಬಳಿರಲಿಲ್ಲ. ಹಲಸೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಸಂಧಿ ಸಮಾಸದ ಬಗ್ಗೆ ಯಾವ ಸಹೋದ್ಯೋಗಿಯೂ ನನ್ನ ಸಲಹೆ ಕೇಳಿದ್ದಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ಹುಳಿತೇಗು ಬಂದರೆ ಸಾಕು, ಎಲ್ಲರೂ ಮಾತ್ರೆಯ ಪಟ್ಟಿಯಿರುತ್ತಿದ್ದ ನನ್ನ ವ್ಯಾನಿಟಿ ಬ್ಯಾಗಿನ ಕಡೆ ನೋಡುತ್ತಿದ್ದರು. ಆ ನೋಟ ನನಗೆ ಪ್ರಶಸ್ತಿ ಬಂದಷ್ಟು ಖುಷಿ ಕೊಡುತ್ತಿತ್ತು.

ಆ ಮಾತ್ರೆ ನನಗೆ ಸಿಕ್ಕಿದ್ದು ಸರಿಯಾದ ದಾರಿಯಲ್ಲೇ. ಮೂರು ವರ್ಷದ ಹಿಂದೆ, ತಿಂದದ್ದು ಹೊಟ್ಟೆಯಿಂದ ಕೆಳಗಿಳಿಯದೆ ಒದ್ದಾಡುತ್ತಿದ್ದಾಗ ಇಂದಿರಾನಗರದ ಡಾಕ್ಟರೊಬ್ಬರ ಬಳಿ ಹೋಗಿದ್ದೆ. ಹೊಟ್ಟೆ ತೋರಿಸಲು ಹೋದವಳಿಗೆ ಅವರು ಇಸಿಜಿ ಮಾಡಿಸಿದರು. ಬೇರೆ ಏನೇನು ಮಾತ್ರೆ ನುಂಗುತ್ತೀರಿ ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡರು. ಆಮೇಲೆ ಹೇಳಿದರು: "ಊಟಕ್ಕೆ ಮುಂಚೆ ಒಂದೊಂದು, ಏಳು ದಿನ ಮಾತ್ರ. ತಲೆ ಸುತ್ತಿದ್ರೆ, ಎದೆ ಡವಡವ ಅಂದ್ರೆ ನಿಲ್ಲಿಸಿಬಿಟ್ಟು ತಕ್ಷಣ ಬನ್ನಿ. ಬೇರೆ ಯಾವ ಡಾಕ್ಟರ ಹತ್ರ ಹೋದ್ರೂ ಇದನ್ನ ತಗೊಳ್ತಿದೀನಿ ಅಂತ ಹೇಳ್ಬೇಕು. ಮರೀಬೇಡಿ."

ನಾನು ತಲೆಯಾಡಿಸಿದೆ. ತಲೆಯಾಡಿಸಿದವರೆಲ್ಲ ಕೇಳಿಸಿಕೊಂಡಿರುವುದಿಲ್ಲ ಎನ್ನುವುದು ಪಾಠ ಮಾಡುವ ನನಗೆ ಗೊತ್ತಿರಬೇಕಿತ್ತು.

ಏಳು ದಿನದಲ್ಲಿ ಹೊಟ್ಟೆ ಹಗುರಾಯಿತು. ತಿಂಗಳ ನಂತರ ಶಿವಾಜಿನಗರದಲ್ಲಿ ಸಮೋಸ ತಿಂದು ಮತ್ತೆ ಭಾರವಾಯಿತು. ನಮ್ಮ ಮರ್ಫಿ ಟೌನಿನ ಮೆಡಿಕಲ್ ಶಾಪಿಗೆ ಹಳೆಯ ಚೀಟಿ ಒಯ್ದೆ, ಕೊಟ್ಟರು. ಮುಂದಿನ ಸಲ ಖಾಲಿ ಪಟ್ಟಿ ತೋರಿಸಿದೆ, ಕೊಟ್ಟರು. ಆಮೇಲಾಮೇಲೆ ನನ್ನ ಮುಖ ಕಂಡರೆ ಸಾಕು, ಪಟ್ಟಿ ಕೌಂಟರಿನ ಮೇಲೆ ಬಂದು ಕೂರುತ್ತಿತ್ತು. ಡಾಕ್ಟರ ಏಳು ದಿನ ಹೀಗೆ ಮೂರು ವರ್ಷವಾಯಿತು.

ಇಲ್ಲಿ ನಮ್ಮ ಭಾಷೆಯದೂ ಸ್ವಲ್ಪ ತಪ್ಪಿದೆ ಎಂದು ನಾನು ವಾದಿಸಬಲ್ಲೆ. ಹೊಟ್ಟೆಯ ಹುಳಿ ಮೇಲೇರಿ ಬಂದರೆ ಕನ್ನಡದವರು ಅದನ್ನು ಎದೆಯುರಿ ಎನ್ನುತ್ತೇವೆ. ಇನ್ನೊಬ್ಬರ ಏಳಿಗೆ ಕಂಡು ಮನಸ್ಸು ಉರಿದರೆ ಹೊಟ್ಟೆಕಿಚ್ಚು ಎನ್ನುತ್ತೇವೆ. ಎದೆಯದನ್ನು ಹೊಟ್ಟೆಗೂ ಹೊಟ್ಟೆಯದನ್ನು ಎದೆಗೂ ಹಚ್ಚಿ ನೂರಾರು ವರ್ಷ ಆರಾಮವಾಗಿ ಇದ್ದೇವೆ. ಹೊಟ್ಟೆಗೆಂದು ನುಂಗಿದ ಮಾತ್ರೆ ಎದೆಗೆ ಹೋಗಿ ತಟ್ಟಬಹುದು ಎಂದರೆ ನನ್ನಂಥವಳು ಹೇಗೆ ನಂಬಿಯಾಳು? ವಾದವೇನೋ ಚೆನ್ನಾಗಿದೆ. ಆದರೆ ಸೆಲ್ವಿ ಬಿದ್ದದ್ದು ಭಾಷೆಯಿಂದಲ್ಲ, ನನ್ನಿಂದ.

ಸೆಲ್ವಿ ನಮ್ಮ ಶಾಲೆಯ ಗಣಿತದ ಟೀಚರ್. ನನಗಿಂತ ಹತ್ತು ವರ್ಷ ಚಿಕ್ಕವಳು, ಕೆ.ಆರ್. ಪುರದಿಂದ ದಿನಾ ಮೆಟ್ರೋದಲ್ಲಿ ಬರುತ್ತಾಳೆ. ಆ ಸೋಮವಾರ ಅವಳ ಮುಖ ಬಾಡಿತ್ತು. ಕೆಮ್ಮು ಕಫಕ್ಕೆಂದು ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಕೊಟ್ಟಿದ್ದರಂತೆ. ಅದನ್ನು ನುಂಗಿದಾಗಿನಿಂದ ವಾಂತಿ.

"ಇಡ್ಲಿ ಕೂಡ ನಿಲ್ತಿಲ್ಲ ಮಿಸ್," ಎಂದಳು.

"ನಿನ್ನ ಡಾಕ್ಟರಿಗೆ ಫೋನ್ ಮಾಡು" ಎನ್ನಲು ಐದು ಸೆಕೆಂಡ್ ಸಾಕಿತ್ತು. ನಾನು ಇಡೀ ಪಟ್ಟಿ ತೆಗೆದು ಅವಳ ಕೈಗಿಟ್ಟೆ. "ಊಟಕ್ಕೆ ಮುಂಚೆ ಒಂದೊಂದು ಹಾಕ್ಕೋ. ಮೂರು ವರ್ಷದಿಂದ ನಾನೇ ತಗೊಳ್ತಿದೀನಿ, ನನಗೇನಾಗಿದೆ?"

ಬುಧವಾರ ಎರಡನೇ ಪಿರಿಯಡ್. ನಾನು ಪಕ್ಕದ ಕ್ಲಾಸಿನಲ್ಲಿದ್ದೆ. ಏನೋ ದೊಪ್ಪನೆ ಬಿದ್ದ ಸದ್ದು, ಹಿಂದೆಯೇ ಮಕ್ಕಳ ಚೀರಾಟ. ಓಡಿದೆ. ಸೆಲ್ವಿ ಕಪ್ಪುಹಲಗೆಯ ಕೆಳಗೆ ಬಿದ್ದಿದ್ದಳು, ಬೆರಳುಗಳಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕೂಗಿದೆ. ಎಷ್ಟು ಹೊತ್ತೋ ತಿಳಿಯದು, ಕಣ್ಣು ಬಿಟ್ಟಳು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಸಿಜಿಯ ಉದ್ದನೆಯ ಕಾಗದವನ್ನು ಎರಡೆರಡು ಸಲ ನೋಡಿದಳು. ಸೆಲ್ವಿಯ ಬ್ಯಾಗಿನಲ್ಲಿದ್ದ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಸುರಿದು ನನ್ನ ಪಟ್ಟಿಯನ್ನು ಎತ್ತಿ ಹಿಡಿದಳು.

"ಇದನ್ನ ಯಾರು ಬರೆದುಕೊಟ್ರು?"

ಸೆಲ್ವಿ ನನ್ನ ಕಡೆ ನೋಡಲಿಲ್ಲ. "ನಾನೇ ಮೆಡಿಕಲಲ್ಲಿ ಕೇಳಿ ತಗೊಂಡೆ."

"ಈ ಆಂಟಿಬಯೋಟಿಕ್ ಜೊತೆ ಇದನ್ನ ತಗೊಳ್ಳೇಬಾರ್ದು. ಮೈಯಿಂದ ಹೊರಗೆ ಹೋಗದೆ ಉಳ್ಕೊಂಡುಬಿಡುತ್ತೆ, ಹಾರ್ಟ್ ಬಡಿಯೋ ಲಯಾನೇ ತಪ್ಪುತ್ತೆ. ವಾಂತಿಯಾಗಿ ಪೊಟ್ಯಾಸಿಯಂ ಬೇರೆ ಇಳಿದಿದೆ. ಇವತ್ತು ತಾನಾಗೇ ಸರಿಹೋಗಿದೆ. ಎಲ್ಲರಿಗೂ ಹಾಗೆ ಸರಿಹೋಗಲ್ಲ. ಟೀಚರಾಗಿದ್ದು ನೀವೇ ಹೀಗೆ ಮಾಡಿದ್ರೆ?"

ಆ ಬೈಗುಳ ನನ್ನದು. ಅದು ನನ್ನ ಪಕ್ಕದಿಂದಲೇ ಹಾದು ಸೆಲ್ವಿಯ ಮೇಲೆ ಬಿತ್ತು. ನಾನು ನೀರಿನ ಬಾಟಲಿ ಹಿಡಿದು ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಮಹದೇವಪುರದ ಕಾರ್ಖಾನೆಯಿಂದ ಅವಳ ಗಂಡ ಮುರುಗೇಶ್ ಓಡಿ ಬಂದರು. ವಿಷಯ ಕೇಳಿ, ನನ್ನೆದುರು ಕೈ ಮುಗಿದು, "ನೀವಿದ್ದಿದ್ದಕ್ಕೆ ಬದುಕಿದ್ಲು ಮೇಡಂ," ಎಂದರು. ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಹೀನ ಕೆಲಸ ಆ ಮಾತ್ರೆ ಕೊಟ್ಟದ್ದಲ್ಲ. ಆ ನಮಸ್ಕಾರಕ್ಕೆ ಪ್ರತಿಯಾಗಿ ಕೈ ಮುಗಿದದ್ದು.

ಮರುದಿನವೇ ಇಂದಿರಾನಗರದ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ನನಗೂ ಇಸಿಜಿ ಮಾಡಿಸಿ, ಮಾತ್ರೆ ನಿಲ್ಲಿಸಿದರು. ಬೈಯಲಿಲ್ಲ. ತಮ್ಮದೇ ಹಳೆಯ ಚೀಟಿಯಲ್ಲಿ 'ಏಳು ದಿನ' ಎಂಬಲ್ಲಿ ಬೆರಳಿಟ್ಟು ತೋರಿಸಿದರು, ಅಷ್ಟೇ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸೆಲ್ವಿ ಮೂರು ವಾರ ರಜೆ ಹಾಕಿದಳು. ಅವಳ ಒಂಬತ್ತನೇ ಕ್ಲಾಸಿನ ಪಿರಿಯಡ್ಡುಗಳನ್ನು ನಾನೇ ಕೇಳಿ ವಹಿಸಿಕೊಂಡೆ. ಕೊನೆಗೊಂದು ಭಾನುವಾರ ತಡೆಯಲಾಗದೆ ಕೆ.ಆರ್. ಪುರಕ್ಕೆ ಹೋದೆ. ಮುರುಗೇಶ್ ಬಾಗಿಲಲ್ಲೇ ಶುರು ಮಾಡಿದರು: "ನೀವಾದ್ರೂ ಬುದ್ಧಿ ಹೇಳಿ ಮೇಡಂ. ಯಾರನ್ನೂ ಕೇಳದೆ ಮಾತ್ರೆ ನುಂಗ್ತಾಳೆ. ದಿನಾ ಇವಳ ಬ್ಯಾಗು ಹುಡುಕೋದೇ ನನ್ನ ಕೆಲಸ ಆಗಿದೆ."

"ಆ ಮಾತ್ರೆ ಕೊಟ್ಟಿದ್ದು ನಾನು," ಎಂದೆ.

ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಿಸ್ ಮರ್ಯಾದೆ ಹೋಗ್ತಿತ್ತು. ಬೈಸ್ಕೊಂಡು ನನಗೆ ಅಭ್ಯಾಸ ಇದೆ," ಎಂದಳು ಸೆಲ್ವಿ.

ಮುರುಗೇಶ್ ಎದ್ದು ಬಾಲ್ಕನಿಗೆ ಹೋದರು. ನಾನು ಹೊರಡುವವರೆಗೂ ಒಳಗೆ ಬರಲಿಲ್ಲ. ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡು ಹೋಗಿದ್ದವಳು, ಆ ಮನೆಯಲ್ಲಿ ಇನ್ನೊಂದು ಜಗಳವಿಟ್ಟು ಎದ್ದಿದ್ದೆ.

ಸೆಲ್ವಿ ಮೆಟ್ರೋ ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆದು ಬಂದಳು. ನನ್ನ ಕ್ಷಮೆಯನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು, ಬೇಡ ಬಿಡಿ ಎನ್ನಲಿಲ್ಲ. ಮೆಟ್ಟಿಲ ಬಳಿ ನಿಂತು ಹೇಳಿದಳು:

"ನಾಳೆಯಿಂದ ಬರ್ತೀನಿ ಮಿಸ್. ನನ್ನ ಕ್ಲಾಸು ನನಗೇ ಬಿಟ್ಟುಬಿಡಿ. ನೀವು ಹೇಳಿಕೊಟ್ಟಿರೋ ಲೆಕ್ಕ ಎಲ್ಲ ತಪ್ಪಂತೆ, ಮಕ್ಕಳು ಫೋನ್ ಮಾಡಿದ್ರು."