ಗುಳ್ಳೆ ನಿಂತ ದಿನ

ಮೊನ್ನೆ ಬನ್ ಮಾಡಲೆಂದು ಹೆಂಡತಿ ಯೀಸ್ಟ್ ಪೊಟ್ಟಣ ಕತ್ತರಿಸಿದಳು. ಆ ವಾಸನೆಗೆ ಅಡುಗೆಮನೆಯಲ್ಲೇ ನಿಂತುಬಿಟ್ಟೆ. ಮರೆತೆನೆಂದುಕೊಂಡಿದ್ದ ತಪ್ಪೊಂದು ಮೂಗಿನ ದಾರಿಯಲ್ಲಿ ಮರಳಿ ಬರುವುದು ನಿಮಗೂ ಗೊತ್ತಿರಬೇಕು.

ತೊಂಬತ್ತರ ದಶಕದ ಕೊನೆ. ದುಬೈನ ಸತ್ವಾದಲ್ಲಿ, ಪ್ಲೈವುಡ್ ಅಡ್ಡ ಕಟ್ಟಿ ಕೋಣೆ ಮಾಡಿದ್ದ ವಿಲ್ಲಾ. ಮೈಸೂರಿನಿಂದ ಹೊಸದಾಗಿ ಬಂದ ಗುಮಾಸ್ತ ನಾನು. ಜೊತೆಗಿದ್ದ ಉಡುಪಿಯ ವಿಠಲಣ್ಣ ಜೆಬೆಲ್ ಅಲಿಯ ಗೋದಾಮಿನ ಮೇಲ್ವಿಚಾರಕ. ಖಾಯಂ ಆಗಿ ಊರಿಗೆ ಮರಳುವ ಮುಂಚಿನ ಶುಕ್ರವಾರ ಗೆಳೆಯರಿಗೆ ತಾವೇ ಮಾಡಿದ ಬಿಯರ್ ಕುಡಿಸಬೇಕೆಂಬುದು ಅವರ ಆಸೆ. ಕಾನೂನು ಒಪ್ಪದ ಕೆಲಸ, ಹಾಗಾಗಿ ಯೀಸ್ಟ್ ಹಾಕಿ ಹುದುಗಲಿಟ್ಟ ಬಕೆಟ್ ಇದ್ದದ್ದು ನನ್ನ ಮಂಚದ ಕೆಳಗೆ. ಕಸುಬು ಅವರದು, ಹೆದರಿಕೆ ನನ್ನದು.

ಮುಚ್ಚಳದ ಮೇಲೆ ನೀರು ತುಂಬಿದ ಪುಟ್ಟ ನಳಿಗೆ, ಅದೇ ಏರ್‌ಲಾಕ್. ಒಳಗಿನ ಗಾಳಿ ಗುಳುಗುಳು ಎಂದು ಹೊರಬರುತ್ತಿತ್ತು. ಅಷ್ಟರಲ್ಲಿ ವಿಠಲಣ್ಣ ಎರಡು ವಾರ ಕಂಪನಿಯ ಕ್ಯಾಂಪಿನಲ್ಲೇ ಉಳಿಯಬೇಕಾಯಿತು.

“ನೋಡ್ತಾ ಇರು ಮಾರಾಯ. ಮುಚ್ಚಳ ಮಾತ್ರ ತೆಗೀಬೇಡ,” ಎಂದು ಹೋದರು.

ನಾನು ಮೂರು ಸಲ ತೆಗೆದೆ. ಐದನೆಯ ದಿನ ಗುಳ್ಳೆ ನಿಂತಿತು. ಇನ್ನೂ ಮೂರು ದಿನ ಕಾದೆ. ನೊರೆ ಇಳಿದು ಅಂಚಿನಲ್ಲಿ ಕಂದು ಕೆಸರು ಕಂಡಾಗ ಯೀಸ್ಟ್ ಎಲ್ಲ ಸತ್ತುಹೋಯಿತೆಂದು ತೀರ್ಮಾನಿಸಿ ಬಚ್ಚಲಿಗೆ ಸುರಿದುಬಿಟ್ಟೆ. ಗುಳ್ಳೆ ನಿಂತ ಮಾತ್ರಕ್ಕೆ ಹುದುಗು ನಿಂತಿತೆಂದಲ್ಲ, ಮುಚ್ಚಳ ಸಡಿಲವಾದರೆ ಗಾಳಿ ಪಕ್ಕದಿಂದಲೇ ನುಸುಳುತ್ತದೆ ಎಂಬುದು ತಿಳಿದದ್ದು ವರ್ಷಗಳ ಮೇಲೆ.

ವಿಠಲಣ್ಣ ಬಂದಾಗ, “ಕೆಟ್ಟುಹೋಗಿತ್ತು, ವಿನೆಗರ್ ವಾಸನೆ ಬರ್ತಿತ್ತು,” ಎಂದು ಸುಳ್ಳು ಹೇಳಿದೆ. ಅವರು ಬಕೆಟ್ ತೊಳೆಯಲು ಒಯ್ದರು.

ಶುಕ್ರವಾರ ಗೆಳೆಯರು ಬಂದರು. “ಬಿಯರ್ ಖಲಾಸಾ? ಈ ಮೈಸೂರಿನವ ಒಬ್ಬನೇ ಮುಗಿಸಿದ್ನಾ?” ಎಂದು ಒಬ್ಬ ಕೆಣಕಿದ.

“ಪಾಪ, ಅವನೆಂತ ಮಾಡ್ತಾನೆ? ನಾನೇ ಹಳೇ ಯೀಸ್ಟ್ ಹಾಕಿದ್ದು,” ಎಂದರು ವಿಠಲಣ್ಣ. ಎಲ್ಲರೂ ಚಹಾ ಕುಡಿದು ಅವರನ್ನು ಬೀಳ್ಕೊಟ್ಟರು.

ಮೊನ್ನೆ ಆ ವಾಸನೆಯ ಬೆನ್ನಲ್ಲೇ ಧೈರ್ಯ ಮಾಡಿ ಉಡುಪಿಗೆ ಫೋನ್ ಮಾಡಿದೆ.

“ವಿಠಲಣ್ಣ, ಅವತ್ತು ಅದು ಕೆಟ್ಟಿರ್ಲಿಲ್ಲ.”

“ಗೊತ್ತುಂಟು ಮಾರಾಯ. ಬಕೆಟ್ ತೊಳೆದದ್ದು ನಾನಲ್ವಾ? ತಳದ್ದನ್ನು ನೆಕ್ಕಿ ನೋಡಿದ್ದೆ. ಒಳ್ಳೇದೇ ಇತ್ತು.”

“ಮತ್ತೆ ನಿಮ್ಮ ಮೇಲೆ ಹಾಕ್ಕೊಂಡಿದ್ದು ಯಾಕೆ?”

“ನಾನು ಹೊರಟವ. ನೀನು ಅವರೊಟ್ಟಿಗೆ ಇರ್ಬೇಕಿತ್ತಲ್ಲ.”

ಫೋನಿಟ್ಟು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ ಭಾಗವನ್ನೂ ಬಿಡದೆ.