ಬಿಚ್ಚಿಕೊಳ್ಳಬೇಕಾದ ಬೆಸುಗೆ

ಅರಸೀಕೆರೆಯ ಒಂದು ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆ ತುಂಬಿಡುವ ಕಬ್ಬಿಣದ ತೊಟ್ಟಿಗಳನ್ನು ಮಾಡುತ್ತಾರೆ. ನಕ್ಷೆ ಬರೆಯುವವಳು ಲತಾಮಣಿ, ಬೆಸೆಯುವವನು ಅವಳ ಅಪ್ಪ ಜವರಪ್ಪ. ಅವನು ಬೆಸೆದ ತೊಟ್ಟಿಯಿಂದ ಹನಿ ಎಣ್ಣೆ ಜಿನುಗಿದ್ದನ್ನು ಕಂಡವರಿಲ್ಲ. ಯಾವ ಕೇರಿಯವನೆಂದು ಮೊದಲು ವಿಚಾರಿಸುತ್ತಿದ್ದ ಮಹಾನುಭಾವರೇ ಈಗ ಜವರಪ್ಪನ ಕೈಕೆಲಸವೇ ಆಗಬೇಕು ಅನ್ನುತ್ತಾರೆ. ಆ ಹೆಸರನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದ.

ಲತಾಮಣಿಯ ಚಿಂತೆಯೇ ಬೇರೆ. ಒಳಗೆ ಶಾರ್ಟ್ ಆದರೆ ಎಣ್ಣೆ ಕಾದು ಆವಿಯಾಗಿ ತೊಟ್ಟಿ ಒಡೆಯುತ್ತದೆ. ಉರಿಯುವ ಎಣ್ಣೆ ಎತ್ತ ಚಿಮ್ಮುತ್ತದೋ ಹೇಳಲಾಗದು. ನಮ್ಮ ಜನವೋ, ಟ್ರಾನ್ಸ್‌ಫಾರ್ಮರ್ ಕಂಡರೆ ಅದರ ಕಂಬಕ್ಕೆ ಎಮ್ಮೆ ಕಟ್ಟಿ ಪಕ್ಕದಲ್ಲೇ ಕೂತು ಹರಟುವವರು. ತಮ್ಮೂರು ಮಾದಿಹಳ್ಳಿಯಲ್ಲಿ ಹಾಗೆ ಚಿಮ್ಮಿದ ಎಣ್ಣೆ ಅವಳ ಅವ್ವ ಗಿಡ್ಡಮ್ಮನ ತೋಳು ಸುಟ್ಟಿತ್ತು. ಅದಕ್ಕೇ ಲತಾಮಣಿ ಹೊಸ ತೊಟ್ಟಿ ರೂಪಿಸಿದಳು. ಮುಚ್ಚಳದ ಹಿಂಬದಿಯ ಬೆಸುಗೆ ಮಾತ್ರ ಬೇಕೆಂದೇ ತೆಳು. ಒತ್ತಡ ಏರಿದರೆ ಮೊದಲು ಅದೇ ಬಿಚ್ಚಿಕೊಂಡು ಬೆಂಕಿ ಜನರಿಲ್ಲದ ಗದ್ದೆಯ ಕಡೆ ಹೋಗಬೇಕು. ಅಪ್ಪನಿಗೂ ವಿವರಿಸಿದಳು, ಅವನು ತಲೆಯಾಡಿಸಿದ. ಪರೀಕ್ಷೆಗಿಟ್ಟ ತೊಟ್ಟಿ ಹೇಳಿದಂತೆಯೇ ಬಿಚ್ಚಿಕೊಂಡಿತು. ಮಾರಾಟದ ಮೊದಲ ತೊಟ್ಟಿ ಮಾದಿಹಳ್ಳಿಯ ಡೇರಿಯ ಪಕ್ಕದ ಕಂಬ ಏರಿತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಜವರಪ್ಪ ಖುಷಿಯಲ್ಲಿದ್ದ.

"ಊರಿಗೆ ಹೋಯ್ತಲ್ಲ ತೊಟ್ಟಿ, ಅದ್ರ ಹಿಂದ್ಲ ತೆಳು ಬೆಸುಗೆ ನೋಡಕ್ಕಾಯ್ತಿರ್ಲಿಲ್ಲ ಕಣವ್ವ. ನಿನ್ ಹೆಸ್ರು ಕೆಡಬಾರ್ದು ಅಂತ ಇನ್ನೊಂದು ಸುತ್ತು ಎಳ್ದಿವ್ನಿ. ಈಗ ಆನೆ ತುಳುದ್ರೂ ಬಿಚ್ಚಲ್ಲ."

ಲತಾಮಣಿ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು. ಇನ್ನು ಅದು ಡೇರಿಯ ಕಡೆಗೇ ಬಿರಿಯಬಹುದು. ಹೇಳಿದರೆ ಅಪ್ಪನ ಹೆಸರು ಮಣ್ಣುಪಾಲು; ಹೇಳದಿದ್ದರೆ ಹಾಲು ಹಾಕಲು ಬಂದವರ ಗತಿಯೇನು? ಅವನ ಮೇಲೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಮರುಕ ಬಂತು. ಎಂಜಲು ಕೈಯಲ್ಲೇ, ಅವನ ಎದುರಿಗೇ, ಶೆಡ್ಡಿನ ಮಾಲೀಕ ಇಂದ್ರೇಶನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಳು.

ಲೈನ್ ನಿಲ್ಲಿಸಿ ತೊಟ್ಟಿ ಇಳಿಸಿದರು. ಕರೆಂಟಿಲ್ಲದೆ ಡೇರಿಯ ಹಾಲು ಒಡೆಯಿತು. ಊರವರು ಬಾಯಿಗೆ ಬಂದಂತೆ ಬೈದರು, ಬೆಸೆದವನು ಯಾರೆಂದು ತಿಳಿದೊಡನೆ ಅವನ ಕೇರಿಯ ಹೆಸರೂ ಎತ್ತಿದರು. ಇಷ್ಟು ವರ್ಷ ನಾಲಿಗೆಯ ಕೆಳಗೇ ಇಟ್ಟುಕೊಂಡಿದ್ದರು, ಪುಣ್ಯಾತ್ಮರು. ಜವರಪ್ಪ ತಾನೆಳೆದ ಬೆಸುಗೆಯನ್ನು ತಾನೇ ಉಜ್ಜಿ ತೆಗೆದ. ಮಗಳೊಂದಿಗೆ ಮಾತು ಬಿಟ್ಟ.

ಲತಾಮಣಿ ನಕ್ಷೆಯನ್ನೇ ಬದಲಿಸಿದಳು. ಹಿಂಬದಿಗೆ ಬೆಸುಗೆಯೇ ಬೇಡ. ಒತ್ತಡ ಏರಿದರೆ ತುಂಡಾಗುವ ಸಣ್ಣ ಬೋಲ್ಟುಗಳು ಸಾಕು. ಹಾಳೆಯನ್ನು ಅಪ್ಪನ ಮುಂದಿಟ್ಟಳು. ಅವನು ಹಿಂಬದಿಯ ಬೋಲ್ಟುಗಳ ಗುರುತಿನ ಮೇಲೆ ಬೆರಳಿಟ್ಟ.

"ಇಲ್ಲಿ ನನ್ ಕೈ ತಾಕಬಾರ್ದು ಅಂತ ತಾನೇ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಹೂಂ ಕಣಪ್ಪ. ನಿನ್ ಕೈ ತಾಕುದ್ರೆ ಗಟ್ಟಿಯಾಗ್ಬುಡ್ತದೆ."

ಜವರಪ್ಪ ಹಾಳೆ ಮಡಚಿ ಅವಳ ಕೈಗಿಟ್ಟು, ಉಳಿದ ಮೂರು ಬದಿ ಬೆಸೆಯಲು ಎದ್ದು ಹೋದ.