ಶಾವಿಗೆಯ ಮೇಲೆ ಬಿದ್ದ ಗಾಜು

ಬಿಸಿಲಿನಿಂದ ಕರೆಂಟು ತೆಗೆಯುವ ನ್ಯಾನೊ ಲೇಪನವೊಂದನ್ನು ನಮ್ಮ ಲ್ಯಾಬಿನಲ್ಲಿ ಮಾಡುತ್ತೇವೆ. ಅದನ್ನು ಬಳಿದ ಗಾಜಿನ ಬಿಲ್ಲೆಗಳು ಹೊರಗಿನ ಬಿಸಿಲಿಗೆ ಎಷ್ಟು ತಾಳುತ್ತವೆ ಎಂದು ನೋಡಲು ಸವಣೂರಿನ ಫಾತಿಮಾಬಿ ಅವರ ಮಾಳಿಗೆ ಮೇಲೆ ಇಟ್ಟಿದ್ದೆ. ಒಮ್ಮೆ ಹೋದಾಗ ಮಂಗಗಳು ಒಂದು ಬಿಲ್ಲೆ ಒಡೆದುಹಾಕಿದ್ದವು. ರಂಜಾನಿಗೆಂದು ಒಣಹಾಕಿದ್ದ ಶಾವಿಗೆ ಮೇಲೆ ಚೂರುಗಳು ಬಿದ್ದಿದ್ದವು. ಫಾತಿಮಾಬಿ ಅವನ್ನು ಕೈಯಿಂದ ಆರಿಸುತ್ತಿದ್ದರು.

"ಅಕ್ಕಾರ, ಮುಟ್ಟಬ್ಯಾಡ್ರಿ! ಅದರಾಗ ಸೀಸ ಐತಿ. ಶಾವಿಗಿನೂ ತಿನ್ನಬ್ಯಾಡ್ರಿ."

"ಸೀಸ ಅಂದ್ರ ವಿಷ ಏನ್ರಿ?"

"ಇರೋದು ಭಾಳ ಸ್ವಲ್ಪ ರೀ."

"ಸ್ವಲ್ಪ ಇದ್ರ ನೀವು ತಿಂತೀರೇನು?"

ಅವರು ಬೈಯಲಿಲ್ಲ. ಸೊಸೆಯ ಜೊತೆ ಕೂತು ಹೊಸೆದಿದ್ದ ಅಷ್ಟೂ ಶಾವಿಗೆಯನ್ನು ಬಟ್ಟೆ ಸಮೇತ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡರು. ಉಳಿದ ಬಿಲ್ಲೆಗಳನ್ನು ನಾನು ಬಿಚ್ಚುತ್ತಿದ್ದಾಗ ಮತ್ತೆ ಕೇಳಿದರು.

"ಮುಂದ ಇವನ್ನ ಎಲ್ಲಾರ ಮಾಳಗಿ ಮ್ಯಾಲೂ ಕೂಡಸ್ತೀರೇನು?"

"ಹೌದ್ರಿ, ಅದ ನಮ್ಮ ಆಸೆ."

"ಹಂಗಾದ್ರ ಊರ ಮಂದಿ ಶಾವಿಗಿ ಎಲ್ಲಿ ಒಣಗಸಬೇಕ್ರಿ?"

ಲ್ಯಾಬಿಗೆ ಬಂದು ಗಂಟನ್ನು ವಿಷದ ಕಸದ ಡಬ್ಬಿಗೆ ಹಾಕಿದೆ. ಅವರ ಪ್ರಶ್ನೆಯನ್ನು ತಂಡದ ಮುಂದಿಟ್ಟೆ. ಮೊದಲು ಎಲ್ಲರೂ ನಕ್ಕರು. ಸದ್ಯಕ್ಕೆ ನಾವು ಸೀಸವಿಲ್ಲದ ಲೇಪನ ಹುಡುಕುತ್ತಿದ್ದೇವೆ. ಈವರೆಗೆ ಸಿಕ್ಕಿದ್ದು ಕೊಡುವ ಕರೆಂಟೂ ಭಾಳ ಸ್ವಲ್ಪ.